ಕಪ್ಪು ಬಳಿದದ್ದು ಎಲ್ಲಿ ತಪ್ಪಿತು? ಚೌಕ ತುಂಬುವ ಒಗಟುಗಳ ದೋಷ ನಿವಾರಣೆ ಕೈಪಿಡಿ

ಅರ್ಧ ಗಂಟೆ ಸಲೀಸಾಗಿ ಸಾಗಿದ ಒಗಟು ಕೊನೆಯ ಮೂಲೆಯಲ್ಲಿ ಕೈಕೊಡುತ್ತದೆ. ಸುಳಿವು 3 ಎನ್ನುತ್ತಿದೆ, ಉಳಿದಿರುವುದು ಎರಡೇ ಮನೆ. ಆಗ ಹೆಚ್ಚಿನವರು ಎರಡರಲ್ಲಿ ಒಂದನ್ನು ಮಾಡುತ್ತಾರೆ. ಆ ಮೂಲೆಯನ್ನಷ್ಟೇ ಅಳಿಸಿ ಬೇರೆ ಬಗೆಯಲ್ಲಿ ತುಂಬಲು ನೋಡುತ್ತಾರೆ, ಇಲ್ಲವೇ ಸಿಟ್ಟಿನಲ್ಲಿ ಇಡೀ ಚೌಕಟ್ಟನ್ನೇ ಅಳಿಸುತ್ತಾರೆ. ಎರಡೂ ದಂಡ. ಮೂಲೆಯನ್ನು ಅಳಿಸಿದರೆ ತಪ್ಪು ಎಲ್ಲಿತ್ತೋ ಅಲ್ಲೇ ಕುಳಿತಿರುತ್ತದೆ. ಎಲ್ಲವನ್ನೂ ಅಳಿಸಿದರೆ ತಪ್ಪು ಯಾವುದೆಂದೇ ತಿಳಿಯುವುದಿಲ್ಲ, ಮರುಸಲ ಅದೇ ಜಾಗದಲ್ಲಿ ಅದೇ ಕಾಲು ಜಾರುತ್ತದೆ. ಆದ್ದರಿಂದ ಮೊದಲು ರಬ್ಬರನ್ನು ಕೆಳಗಿಡಿ. ಇಂಥ ಒಗಟುಗಳಲ್ಲಿ ತಪ್ಪು ಕಾಣಿಸಿಕೊಳ್ಳುವ ಜಾಗ ಬೇರೆ, ಅದು ಹುಟ್ಟಿದ ಜಾಗ ಬೇರೆ. ಒಂದರಿಂದ ಇನ್ನೊಂದಕ್ಕೆ ಹಿಂದಿರುಗುವ ದಾರಿ ಉಳಿದಿರುವುದು ನೀವು ಈಗ ಅಳಿಸಲು ಹೊರಟಿರುವ ಗುರುತುಗಳಲ್ಲೇ.

ಇಲ್ಲಿ ನಾಲ್ಕು ಒಗಟುಗಳ ಮಾತು ಬರುತ್ತದೆ. ಸಾಲಿನ ಬದಿಯ ಅಂಕಿಗಳು ಹೇಳಿದಷ್ಟು ಉದ್ದದ ಕಪ್ಪು ತುಂಡುಗಳನ್ನು ಕೂರಿಸಿ ಚಿತ್ರ ಬಿಡಿಸುವುದು ನೊನೊಗ್ರಾಮ್. 1987ರಲ್ಲಿ ಜಪಾನಿನ ನೊನ್ ಇಶಿದಾ ಮತ್ತು ತೆತ್ಸುಯಾ ನಿಶಿಯೊ ಇಬ್ಬರೂ ಬೇರೆಬೇರೆಯಾಗಿ ಇದನ್ನು ರೂಪಿಸಿದರು, ಹೆಸರು ಮಾತ್ರ ಇಶಿದಾ ಅವರದು ಉಳಿಯಿತು. ಉಳಿದ ಮೂರು ಜಪಾನಿನ ನಿಕೋಲಿ ಒಗಟು ಪತ್ರಿಕೆಯ ಕೂಸುಗಳು: ಹಿತೋರಿ 1990ರದು, ನುರಿಕಬೆ 1991ರದು, ಹೆಯವಾಕೆ 1992ರದು. ಆಡಲು ಬರುತ್ತದೆ ಎಂದುಕೊಂಡೇ ಬರೆಯುತ್ತಿದ್ದೇನೆ. ನಿಯಮವನ್ನು ಅಗತ್ಯವಿದ್ದಲ್ಲಿ ಮಾತ್ರ ನೆನಪಿಸುತ್ತೇನೆ.

ಮೊದಲು ರೋಗ ಯಾವುದೆಂದು ನೋಡಿ

"ಸಿಕ್ಕಿಹಾಕಿಕೊಂಡೆ" ಎಂಬ ಒಂದೇ ಮಾತಿನಲ್ಲಿ ಎರಡು ರೋಗಗಳು ಅಡಗಿರುತ್ತವೆ. ಮುಂದೆ ಏನೂ ತೋಚುತ್ತಿಲ್ಲ, ಆದರೆ ಯಾವ ನಿಯಮವೂ ಮುರಿದಿಲ್ಲ ಎಂದರೆ ಅದು ನಿಂತುಹೋಗಿರುವುದು. ಎಲ್ಲೋ ಒಂದು ನಿಯಮ ಮುರಿದಿದೆ ಅಥವಾ ಮುರಿಯದೆ ಬೇರೆ ದಾರಿಯೇ ಇಲ್ಲ ಎಂದರೆ ಅದು ಘರ್ಷಣೆ. ನಿಂತುಹೋದಾಗ ನೀವು ಬಳಿದಿರುವುದೆಲ್ಲ ಸರಿಯಾಗಿಯೇ ಇರಬಹುದು, ಗಮನಿಸದೆ ಬಿಟ್ಟ ಸಂಗತಿಯೊಂದಿರುತ್ತದೆ. ಘರ್ಷಣೆಯಲ್ಲಿ ಬಳಿದ ಒಂದು ಮನೆಯೋ ಖಾಲಿಯೆಂದು ಗುರುತಿಸಲು ಇಟ್ಟ ಒಂದು ಚುಕ್ಕೆಯೋ ಖಂಡಿತ ಸುಳ್ಳು. ಮೊದಲನೆಯದಕ್ಕೆ ಅಳಿಸುವ ಮದ್ದು ಕೊಡುವುದು, ಎರಡನೆಯದಕ್ಕೆ ಇನ್ನಷ್ಟು ತುಂಬುವ ಮದ್ದು ಕೊಡುವುದು, ಇವೆರಡೂ ನಾನು ವರ್ಷಗಟ್ಟಲೆ ಮಾಡಿದ ದಡ್ಡತನ.

ಮೂರನೆಯ ರೋಗವೂ ಇದೆ, ಅಪರೂಪದ್ದು: ಒಗಟೇ ಕೆಟ್ಟಿರುವುದು. ಅದರ ಪರೀಕ್ಷೆ ಸುಲಭವಾದ್ದರಿಂದ ಮೊದಲೇ ಮುಗಿಸಿಬಿಡಬಹುದು. ನೊನೊಗ್ರಾಮ್‌ನಲ್ಲಿ ಅಡ್ಡಸಾಲುಗಳ ಎಲ್ಲ ಅಂಕಿಗಳ ಮೊತ್ತವೂ ಕಂಬಸಾಲುಗಳ ಎಲ್ಲ ಅಂಕಿಗಳ ಮೊತ್ತವೂ ಒಂದೇ ಆಗಿರಬೇಕು. ಎರಡೂ ಎಣಿಸುವುದು ಅವೇ ಕಪ್ಪು ಮನೆಗಳನ್ನು ತಾನೇ? ಮೊತ್ತ ಒಂದರಷ್ಟು ಏರುಪೇರಾದರೂ ಅಚ್ಚಿನಲ್ಲಿಯೋ ನೀವು ಕಾಗದಕ್ಕೆ ಇಳಿಸಿಕೊಂಡದ್ದರಲ್ಲಿಯೋ ಅಂಕಿ ತಪ್ಪಿದೆ, ಆ ಒಗಟಿನ ಮೇಲೆ ಇನ್ನು ಒಂದು ನಿಮಿಷವನ್ನೂ ಖರ್ಚುಮಾಡಬೇಡಿ. ಮೊತ್ತ ಹೊಂದಿದ ಮಾತ್ರಕ್ಕೆ ಒಗಟು ಸರಿಯೆಂದೇನಲ್ಲ, ಹೊಂದದಿದ್ದರೆ ಮಾತ್ರ ತಪ್ಪೆಂಬುದು ಖಚಿತ. ನುರಿಕಬೆಯಲ್ಲಿ ಪ್ರತಿ ಅಂಕಿಯೂ ತನ್ನಷ್ಟೇ ಬಿಳಿ ಮನೆಗಳ ಒಂದು ದ್ವೀಪ, ಹಾಗಾಗಿ ಅಂಕಿಗಳ ಮೊತ್ತವೇ ಬಿಳಿ ಮನೆಗಳ ಸಂಖ್ಯೆ. 10×10ರ ಚೌಕಟ್ಟಿನಲ್ಲಿ ಮೊತ್ತ 42 ಬಂದರೆ ಕಪ್ಪು 58 ಇರಲೇಬೇಕು. ಕೊನೆಗೆ ಎಣಿಸಿದಾಗ 57 ಬಂದರೆ ಯಾವುದೋ ದ್ವೀಪ ಸದ್ದಿಲ್ಲದೆ ಒಂದು ಮನೆ ಹೆಚ್ಚು ನುಂಗಿದೆ.

ನೊನೊಗ್ರಾಮ್: ಸಡಿಲದ ಲೆಕ್ಕದಲ್ಲಿ ಆಗುವ ಎಡವಟ್ಟು

ಹತ್ತು ಮನೆಯ ಸಾಲು, ಸುಳಿವು 4 3. ಎರಡು ತುಂಡುಗಳ ನಡುವೆ ಕನಿಷ್ಠ ಒಂದು ಖಾಲಿ ಮನೆ ಬೇಕು. ಹಾಗಾಗಿ 4 + 1 + 3 = 8, ಹತ್ತರಲ್ಲಿ ಎಂಟು ಹೋದರೆ ಸಡಿಲ 2. ತುಂಡು ಎಡಕ್ಕೆ ಒತ್ತಿ ಕುಳಿತರೂ ಬಲಕ್ಕೆ ಒತ್ತಿ ಕುಳಿತರೂ ಅದರ ಉದ್ದದಲ್ಲಿ ಸಡಿಲವನ್ನು ಕಳೆದಷ್ಟು ಮನೆಗಳು ಖಚಿತವಾಗಿ ಕಪ್ಪು. 4ಕ್ಕೆ ಎರಡು ಮನೆ (3 ಮತ್ತು 4ನೆಯವು), 3ಕ್ಕೆ ಒಂದು ಮನೆ (8ನೆಯದು).

ಈಗ ಇದೇ ಲೆಕ್ಕವನ್ನು ಎರಡು ಬಗೆಯಲ್ಲಿ ಕೆಡಿಸಿ ನೋಡೋಣ. ನಡುವಿನ ಖಾಲಿ ಮನೆಯನ್ನು ಮರೆತರೆ ಮೊತ್ತ 7, ಸಡಿಲ 3. ಆಗ 4ನೇ ಮನೆಯೊಂದೇ ಸಿಗುತ್ತದೆ. ಸುಳ್ಳೇನೂ ಬರೆಯಲಿಲ್ಲ, ಸಿಗಬೇಕಾದದ್ದು ಸಿಗಲಿಲ್ಲ ಅಷ್ಟೇ. ಬದಲಿಗೆ ಕೊನೆಯ ತುಂಡಿನ ನಂತರವೂ ಒಂದು ಖಾಲಿ ಬೇಕೆಂದು ಎಣಿಸಿದರೆ ಮೊತ್ತ 9, ಸಡಿಲ 1. ಆಗ 2ನೇ ಮನೆಯೂ 7ನೇ ಮನೆಯೂ ಕಪ್ಪಾಗುತ್ತವೆ, ಎರಡಕ್ಕೂ ಆಧಾರವಿಲ್ಲ. ಅಂದರೆ ಖಾಲಿ ಮನೆಯನ್ನು ಎಣಿಸದೆ ಬಿಡುವವರ ಒಗಟು ನಿಂತುಹೋಗುತ್ತದೆ, ಹೆಚ್ಚಾಗಿ ಎಣಿಸುವವರ ಒಗಟು ಘರ್ಷಣೆಗೆ ಬರುತ್ತದೆ. ನಿಮ್ಮ ರೋಗ ಯಾವುದೆಂದು ತಿಳಿದರೆ ಯಾವ ಸಾಲುಗಳ ಲೆಕ್ಕವನ್ನು ಯಾವ ಅನುಮಾನದಿಂದ ಮರುನೋಡಬೇಕೆಂದು ಅದೇ ಹೇಳಿಬಿಡುತ್ತದೆ.

ಇದಕ್ಕಿಂತ ಕಪಟದ ತಪ್ಪು ಇನ್ನೊಂದಿದೆ. ಅದೇ ಹತ್ತು ಮನೆ, ಸುಳಿವು 3 3. ಎಡಕ್ಕೆ ಒತ್ತಿದರೆ ತುಂಡುಗಳು 1ರಿಂದ 3, 5ರಿಂದ 7. ಬಲಕ್ಕೆ ಒತ್ತಿದರೆ 4ರಿಂದ 6, 8ರಿಂದ 10. ಎರಡೂ ಜೋಡಣೆಗಳಲ್ಲಿ 5 ಮತ್ತು 6ನೇ ಮನೆಗಳು ಕಪ್ಪೇ. ಹಾಗಾದರೆ ಬಳಿಯಬಹುದೇ? ಬಳಿದಿರೋ ಕೆಟ್ಟಿರಿ. ಎಡ ಜೋಡಣೆಯಲ್ಲಿ ಆ ಮನೆಗಳನ್ನು ತುಂಬಿದ್ದು ಎರಡನೆಯ ತುಂಡು, ಬಲ ಜೋಡಣೆಯಲ್ಲಿ ಮೊದಲನೆಯದು. ಮೊದಲನೆಯದು 1ರಿಂದ 3, ಎರಡನೆಯದು 7ರಿಂದ 9 ಎಂದು ಕೂರಿಸಿ ನೋಡಿ, 5 ಮತ್ತು 6 ಖಾಲಿ! ಒಂದೇ ತುಂಡು ತನ್ನ ಮೇಲೆ ತಾನೇ ಬಿದ್ದ ಜಾಗ ಮಾತ್ರ ಖಚಿತ. ಒಂದು ತುಂಡು ಇನ್ನೊಂದರ ಜಾಗದಲ್ಲಿ ಬಿದ್ದದ್ದಕ್ಕೆ ಬೆಲೆಯಿಲ್ಲ. ಅಭ್ಯಾಸವಿರುವವರೂ ಆತುರದಲ್ಲಿ ಇಲ್ಲಿ ಎಡವುತ್ತಾರೆ, ಏಕೆಂದರೆ ಕಣ್ಣಿಗೆ ಕಾಣುವುದು ಕಪ್ಪು ಮಾತ್ರ, ಅದು ಯಾರ ಕಪ್ಪು ಎಂಬುದು ಕಾಣುವುದಿಲ್ಲ.

"ಯಾರ ಕಪ್ಪು" ಎಂಬ ಈ ಪ್ರಶ್ನೆಯನ್ನು ಕೇಳಿಕೊಳ್ಳದೆ ಆಗುವ ತಪ್ಪುಗಳು ಬೇರೆಯೂ ಇವೆ. ಸುಳಿವು 2 5 2 ಇರುವ ಸಾಲಿನಲ್ಲಿ ಎರಡು ಕಪ್ಪು ಮನೆ ಜೊತೆಯಾಗಿ ಕಂಡ ಕೂಡಲೇ "ಇದೇ 2" ಎಂದು ಅಕ್ಕಪಕ್ಕ ಚುಕ್ಕೆ ಇಟ್ಟುಬಿಡುತ್ತೇವೆ. ಅದು ಇನ್ನೂ ಬೆಳೆಯಬೇಕಾದ 5ರ ತುಣುಕಾಗಿರಬಹುದು. ಅಂಚಿನ ಲೆಕ್ಕದಲ್ಲೂ ಹೀಗೆಯೇ. ಸಾಲಿನ ಮೊದಲ ಸುಳಿವು 4, ಗೋಡೆಯಿಂದ 3ನೇ ಮನೆ ಕಪ್ಪಾಗಿದ್ದರೆ ಅದು ಮೊದಲ ತುಂಡಿನದೇ, 4ನೇ ಮನೆಯೂ ಕಪ್ಪು. ಕಪ್ಪಾಗಿರುವುದು 5ನೇ ಮನೆಯಾದರೂ ಅದು ಮೊದಲ ತುಂಡಿನದೇ, ಏಕೆಂದರೆ ಆ ತುಂಡು 1ರಿಂದ 4ರಲ್ಲಿ ಕುಳಿತರೆ 5ನೆಯದು ಅಂಟಿಕೊಂಡು ಐದು ಮನೆಯ ತುಂಡಾಗಿಬಿಡುತ್ತದೆ. ಆದರೆ 6ನೇ ಮನೆಗೆ ಬಂದಿರೋ ಆ ಭರವಸೆ ಮುಗಿಯಿತು: ಮೊದಲ ತುಂಡು 1ರಿಂದ 4ರಲ್ಲಿ ಕುಳಿತು, 5 ಖಾಲಿಯಾಗಿ, 6 ಎರಡನೆಯದರ ತಲೆಯಾಗಿರಬಹುದು. ಸುಳಿವಿಗೆ ಒಂದು ಕೂಡಿಸಿದಷ್ಟು ದೂರದವರೆಗೆ ನಂಬಿ, ಅದರಾಚೆ ನಂಬಬೇಡಿ.

ನಿಂತುಹೋದ ನೊನೊಗ್ರಾಮ್‌ಗೆ ಹತ್ತರಲ್ಲಿ ಎಂಟು ಸಲ ಚುಕ್ಕೆಗಳ ಸೋಮಾರಿತನವೇ ಕಾರಣ. ಮುಗಿದ ಸಾಲಿನ ಖಾಲಿ ಮನೆಗಳಿಗೆ ಚುಕ್ಕೆ ಇಡದಿದ್ದರೆ ಅಡ್ಡ ಹಾಯುವ ಸಾಲಿಗೆ ಆ ಸುದ್ದಿ ಮುಟ್ಟುವುದೇ ಇಲ್ಲ. ಖಾಲಿ ಎಂದು ತಿಳಿದದ್ದೂ ಕಪ್ಪಿನಷ್ಟೇ ಬೆಲೆಯುಳ್ಳದ್ದು. ಎಲ್ಲ ಚುಕ್ಕೆಗಳನ್ನೂ ಇಟ್ಟಾದ ಮೇಲೂ ಒಂದೊಂದೇ ಸಾಲಿನ ಲೆಕ್ಕದಿಂದ ಏನೂ ಹೊರಡದಿದ್ದರೆ ನಿಮ್ಮಲ್ಲೇ ಕೊರತೆಯೆಂದು ಭಾವಿಸಬೇಕಿಲ್ಲ. ಯಾವುದೇ ನೊನೊಗ್ರಾಮ್‌ಗೆ ಪರಿಹಾರವಿದೆಯೇ ಎಂದು ನಿರ್ಧರಿಸುವುದು ಗಣಕವಿಜ್ಞಾನದ ಅತಿ ಕಠಿಣ ಸಮಸ್ಯೆಗಳ ಸಾಲಿಗೆ ಸೇರುತ್ತದೆ ಎಂದು ಉಯೆದಾ ಮತ್ತು ನಾಗಾವೊ 1996ರಲ್ಲೇ ತೋರಿಸಿದ್ದಾರೆ. ಎರಡು ಮೂರು ಸಾಲುಗಳನ್ನು ಒಟ್ಟಿಗೆ ಹಿಡಿದು ನೋಡದೆ ಬಿಡಿಸಲಾಗದ ಒಗಟುಗಳು ಇದ್ದೇ ಇವೆ.

ನುರಿಕಬೆ: ಕಾಣದ ಗೋಡೆ

ಈ ಹೆಸರು ಜಪಾನಿನ ಜನಪದ ನಂಬಿಕೆಯ ಒಂದು ಭೂತದ್ದು. ರಾತ್ರಿ ನಡೆಯುವವನ ಮುಂದೆ ಕಾಣದ ಗೋಡೆಯಾಗಿ ನಿಂತುಬಿಡುತ್ತದಂತೆ. ಕೋಲಿನಿಂದ ಮೇಲ್ಭಾಗಕ್ಕೆ ಎಷ್ಟು ಹೊಡೆದರೂ ಜಗ್ಗದು, ಬುಡಕ್ಕೆ ತಟ್ಟಿದರೆ ಮಾಯವಾಗುತ್ತದಂತೆ. ನಿಂತುಹೋದ ನುರಿಕಬೆಗೂ ಇದೇ ಮದ್ದು. ಎಲ್ಲರೂ ದೊಡ್ಡ ಅಂಕಿಗಳ ದ್ವೀಪಗಳನ್ನು ಬೆಳೆಸಲು ಹೆಣಗುತ್ತಾರೆ. ಬುಡದಲ್ಲಿರುವುದು ಇನ್ನೂ ಬಿಡಿಬಿಡಿಯಾಗಿರುವ ಕಪ್ಪು ತುಣುಕುಗಳು. ಎಲ್ಲ ಕಪ್ಪೂ ಒಂದಕ್ಕೊಂದು ಕೂಡಲೇಬೇಕಾದ್ದರಿಂದ ಪ್ರತಿ ತುಣುಕಿಗೂ ಹೊರಬರುವ ದಾರಿ ಬೇಕು. ಯಾವ ತುಣುಕಿಗೆ ಒಂದೇ ಬಾಗಿಲು ಉಳಿದಿದೆಯೋ ಆ ಬಾಗಿಲನ್ನು ಕಪ್ಪು ಮಾಡಿ. ನಿಂತ ಗಾಡಿ ಹೆಚ್ಚಿನ ಸಲ ಅಲ್ಲಿಂದಲೇ ಹೊರಡುತ್ತದೆ.

ಘರ್ಷಣೆಯಾದರೆ ನಾನು ಮೊದಲು ಶಂಕಿಸುವುದು ದೂರದ ಎಣಿಕೆಯನ್ನು. 4 ಎಂಬ ಅಂಕಿ ತಾನಿರುವ ಮನೆಯನ್ನೂ ಸೇರಿಸಿ ನಾಲ್ಕು ಮನೆ, ಆದ್ದರಿಂದ ಅದು ತಲುಪುವುದು ಮೂರು ಹೆಜ್ಜೆ ಮಾತ್ರ. ನಾಲ್ಕು ಹೆಜ್ಜೆ ಎಣಿಸಿದವನಿಗೆ ದ್ವೀಪವೇ ಮುಟ್ಟದ ಮನೆಯೂ ಬಿಳಿಯಾಗಬಹುದು ಎನಿಸುತ್ತದೆ. ಅದನ್ನು ಕಪ್ಪು ಮಾಡದೆ ಬಿಟ್ಟು ಕೊನೆಗೆ ಪರದಾಡುತ್ತಾನೆ. ಹೆಜ್ಜೆಯನ್ನು ಹಕ್ಕಿ ಹಾರಿದಂತೆ ಎಣಿಸಲೂ ಬಾರದು. ನಡುವೆ ಇನ್ನೊಂದು ದ್ವೀಪವಿದ್ದರೆ ಅದಕ್ಕೆ ತಾಗದೆ ಸುತ್ತಿ ಬರಬೇಕು, ಆ ಸುತ್ತು ಒಂದೆರಡು ಮನೆಗಳನ್ನು ತಿನ್ನುತ್ತದೆ.

ಎರಡನೆಯ ಶಂಕೆ ಒಂದು ಒಳ್ಳೆಯ ತಂತ್ರದ ದುರ್ಬಳಕೆ. ಅಂಕಿ 2, ಅದರ ಎಡವೂ ಕೆಳಗೂ ಮುಚ್ಚಿವೆ, ಬೆಳೆಯಲು ಮೇಲಿನ ಮನೆ ಇಲ್ಲವೇ ಬಲದ ಮನೆ. ಯಾವುದನ್ನು ಆರಿಸಿದರೂ ಮೇಲ್ಬಲದ ಓರೆ ಮನೆ ದ್ವೀಪಕ್ಕೆ ತಾಗುತ್ತದೆ, ಅದು ಬಿಳಿಯಾದರೆ ದ್ವೀಪ ಮೂರು ಮನೆಯದಾಗುತ್ತದೆ. ಹಾಗಾಗಿ ಆ ಓರೆ ಮನೆ ಕಪ್ಪು. ಬಲು ಸೊಗಸಾದ ತರ್ಕ. ಆದರೆ ಇದು ನಿಲ್ಲುವುದು ದ್ವೀಪಕ್ಕೆ ಸರಿಯಾಗಿ ಒಂದೇ ಮನೆ ಬಾಕಿಯಿದ್ದಾಗ. ಅದೇ ಜಾಗದಲ್ಲಿ 3 ಇದ್ದರೆ ದ್ವೀಪ ಆ ಓರೆ ಮನೆಯಲ್ಲೇ ಹೋಗಿ ಕೂರಬಹುದು. ಕೈಗೆ ಅಭ್ಯಾಸವಾದ ಮೇಲೆ ಅಂಕಿಯನ್ನು ನೋಡದೆಯೇ ಓರೆ ಮನೆಗೆ ಕಪ್ಪು ಬಳಿಯುತ್ತೇವೆ. ನನ್ನ ಹಾಳಾದ ನುರಿಕಬೆಗಳಲ್ಲಿ ದೊಡ್ಡ ಪಾಲು ಈ ಓರೆ ಮನೆಯ ಲೆಕ್ಕಕ್ಕೇ ಹೋಗಬೇಕು.

2×2 ಕಪ್ಪು ಕೂಡದೆಂಬ ನಿಯಮವನ್ನು ರೋಗ ಪತ್ತೆಗೆ ಬಳಸಿ. ಮೂರು ಮನೆ ಕಪ್ಪಾಗಿರುವ 2×2 ಸಿಕ್ಕಿದರೆ ನಾಲ್ಕನೆಯದು ಬಿಳಿ. ಆ ಬಿಳಿ ಯಾವ ಅಂಕಿಗೆ ಸೇರುತ್ತದೆ ಎಂದು ಅಲ್ಲೇ ಕೇಳಿ. ಹತ್ತಿರದ 3 ಮೂರು ಹೆಜ್ಜೆ ದೂರದಲ್ಲಿದ್ದು, ಬೇರೆ ಯಾವ ಅಂಕಿಯೂ ಮುಟ್ಟದಿದ್ದರೆ, ತಪ್ಪು ಆಗಿಹೋಗಿದೆ. ಒಗಟು ಅದನ್ನು ತಾನಾಗಿ ಹೇಳಲು ಇನ್ನೂ ಹತ್ತು ನಿಮಿಷ ಬೇಕಾಗಬಹುದು, ನಿಮಗೆ ಈಗಲೇ ತಿಳಿಯಿತು.

ಹಿತೋರಿ ಮತ್ತು ಹೆಯವಾಕೆ

ಎರಡರಲ್ಲೂ ಕಪ್ಪು ಮನೆಗಳು ಬದಿಗೆ ಬದಿ ತಾಗಬಾರದು, ಬಿಳಿಯೆಲ್ಲ ಒಂದಾಗಿ ಉಳಿಯಬೇಕು. ಎರಡರಲ್ಲೂ ಜನ ಮರೆಯುವುದು ಈ ಕೊನೆಯದನ್ನೇ. ಓರೆಯಾಗಿ ಸಾಲುಗಟ್ಟಿದ ಕಪ್ಪು ಮನೆಗಳು ಒಂದು ಗೋಡೆಯಿಂದ ಇನ್ನೊಂದು ಗೋಡೆಗೆ ಮುಟ್ಟಿದರೆ ಬಿಳಿ ಎರಡು ಹೋಳಾಯಿತು. ಪ್ರತಿ ಕಪ್ಪನ್ನು ಬಳಿಯುವ ಮುನ್ನ ಅದರ ನಾಲ್ಕು ಓರೆ ಮನೆಗಳ ಮೇಲೆ ಒಮ್ಮೆ ಕಣ್ಣಾಡಿಸಿದರೆ ಸಾಕು. ಈ ರೋಗಕ್ಕೆ ಬೇರೆ ಮದ್ದು ಬೇಕಿಲ್ಲ.

ಹಿತೋರಿಯಲ್ಲಿ ಒಂದು ಸಾಲಿನ ಬಿಳಿ ಮನೆಗಳಲ್ಲಿ ಯಾವ ಅಂಕಿಯೂ ಎರಡು ಸಲ ಉಳಿಯಬಾರದು. ಒಂದೇ ಅಂಕಿ ಅಕ್ಕಪಕ್ಕ ಎರಡು ಸಲ ಬಂದರೆ ಅವುಗಳಲ್ಲಿ ಸರಿಯಾಗಿ ಒಂದು ಬಿಳಿ, ಆದ್ದರಿಂದ ಅದೇ ಸಾಲಿನ ಬೇರೆಲ್ಲ ಅದೇ ಅಂಕಿಗಳು ಕಪ್ಪು. ಇದನ್ನು ದೂರದ ಜೋಡಿಗೂ ಅನ್ವಯಿಸುವುದೇ ಇಲ್ಲಿನ ಮಾಮೂಲಿ ತಪ್ಪು. ಬಿಡಿಯಾಗಿರುವ ಜೋಡಿಯಲ್ಲಿ ಎರಡೂ ಕಪ್ಪಾಗಬಹುದು! 7, 2, 7 ಎಂದು ನಡುವೆ ಒಂದು ಮನೆ ಬಿಟ್ಟು ಬಂದಿದ್ದರೆ ನಡುವಿನದು ಬಿಳಿ ಎಂದಷ್ಟೇ ಹೇಳಬಹುದು: ನಡುವಿನದು ಕಪ್ಪಾದರೆ ಎರಡೂ 7 ಬಿಳಿಯಾಗಬೇಕಾಗುತ್ತದೆ, ಅದು ಸಲ್ಲದು. ಯಾವ 7 ಕಪ್ಪು ಎಂಬುದು ಇದರಿಂದ ತಿಳಿಯುವುದಿಲ್ಲ.

ಹೆಯವಾಕೆಯಲ್ಲಿ ಒಗಟೇ ಕೆಟ್ಟಿದೆಯೇ ಎಂದು ನೋಡಲು ಒಂದು ಚುಟುಕು ಪರೀಕ್ಷೆ ಇದೆ. ಕೋಣೆಯ ಅಂಕಿ ಅದರೊಳಗಿನ ಕಪ್ಪು ಮನೆಗಳ ಸಂಖ್ಯೆ. 3×3 ಕೋಣೆಯಲ್ಲಿ 5 ಇದ್ದರೆ ನಾಲ್ಕು ಮೂಲೆ ಮತ್ತು ನಟ್ಟನಡುವೆ ಬಿಟ್ಟು ಬೇರೆ ಜೋಡಣೆಯೇ ಇಲ್ಲ. ಅಂಥ ಕೋಣೆ ಚೌಕಟ್ಟಿನ ಅಂಚಿಗೆ ಅಂಟಿದ್ದರೆ ಆ ಅಂಚಿನ ನಡುಮನೆಗೆ ಮೂರು ಕಡೆ ಕಪ್ಪು, ಒಂದು ಕಡೆ ಗೋಡೆ. ಬಿಳಿ ಉಸಿರುಗಟ್ಟಿ ಕೂರುತ್ತದೆ. ಅಂಚಿನ 3×3 ಕೋಣೆಯಲ್ಲಿ 5 ಕಂಡರೆ ಪೆನ್ಸಿಲ್ ಎತ್ತಲೇಬೇಡಿ.

ತಪ್ಪಿನ ಬೇರಿಗೆ ಹಿಂದಿರುಗುವುದು

ಘರ್ಷಣೆ ಖಚಿತವಾಯಿತು, ಒಗಟು ಸರಿಯಿದೆ. ಈಗ ಮುಗಿದ ಸಾಲುಗಳಿಂದ ಶುರುಮಾಡಿ. ಪ್ರತಿ ಮುಗಿದ ಸಾಲಿನ ಕಪ್ಪು ತುಂಡುಗಳನ್ನು ಎಣಿಸಿ ಸುಳಿವಿನ ಜೊತೆ ಹೋಲಿಸಿ. ಇದು ಎರಡು ನಿಮಿಷದ ಕೆಲಸ, ಕೈಜಾರಿದ ತಪ್ಪುಗಳೆಲ್ಲ ಇಲ್ಲೇ ಸಿಗುತ್ತವೆ. ಮೊಬೈಲಿನಲ್ಲಿ ಬೆರಳು ಎಳೆಯುವಾಗ ಒಂದು ಮನೆ ಹೆಚ್ಚು ತುಂಬಿರುವುದು, ಕೆಳಗಿನ ಸಾಲಿನ ಸುಳಿವನ್ನು ಮೇಲಿನ ಸಾಲಿಗೆ ಓದಿರುವುದು, ಇಂಥವು. ಐದೈದು ಮನೆಗೊಂದು ದಪ್ಪ ಗೆರೆ ಇಲ್ಲದ ಚೌಕಟ್ಟುಗಳಲ್ಲಿ ಎರಡನೆಯದು ಬಹಳ.

ಅಲ್ಲಿ ಸಿಗದಿದ್ದರೆ ಘರ್ಷಣೆಯ ಸಾಲಿಗೆ ಬನ್ನಿ. ನೊನೊಗ್ರಾಮ್‌ನ ಅಡ್ಡಸಾಲೊಂದರಲ್ಲಿ ಘರ್ಷಣೆಯಿದ್ದು, ಆ ಸಾಲಿನ ನಿಮ್ಮ ಲೆಕ್ಕ ಸರಿಯಿದ್ದರೆ, ಸುಳ್ಳು ಮನೆ ಅಲ್ಲಿಗೆ ಬಂದದ್ದು ಯಾವುದೋ ಕಂಬಸಾಲಿನಿಂದ. ಇದನ್ನು ಅರ್ಥಮಾಡಿಕೊಂಡ ದಿನದಿಂದ ನಾನು ಮನೆಗಳನ್ನು ಒಮ್ಮೆಗೇ ಪೂರ್ತಿ ಬಳಿಯುವುದನ್ನು ಬಿಟ್ಟಿದ್ದೇನೆ. ಅಡ್ಡಸಾಲಿನ ಲೆಕ್ಕದಿಂದ ಸಿಕ್ಕ ಮನೆಗೆ ಅಡ್ಡಗೆರೆ, ಕಂಬಸಾಲಿನ ಲೆಕ್ಕದಿಂದ ಸಿಕ್ಕಿದ್ದಕ್ಕೆ ನಿಲುಗೆರೆ. ಚಿತ್ರವನ್ನು ಕೊನೆಗೆ ತುಂಬಿದರಾಯಿತು.

ಇತ್ತೀಚೆಗೆ 20×20ರ ಒಂದು ಒಗಟು 17ನೇ ಅಡ್ಡಸಾಲಿನಲ್ಲಿ ಕೈಕೊಟ್ಟಿತು. ಆ ಸಾಲಿನಲ್ಲಿ ಒಂಬತ್ತು ಕಪ್ಪು, ಅವುಗಳಲ್ಲಿ ನಿಲುಗೆರೆಯವು ಮೂರೇ. ಮೂರೂ ಕಂಬಸಾಲುಗಳನ್ನು ಮೊದಲಿಂದ ಲೆಕ್ಕ ಹಾಕಿದೆ. ಎರಡು ಸರಿಯಿದ್ದವು. ಮೂರನೆಯ ಕಂಬಸಾಲಿನ ಸುಳಿವು 2 6 1, ಮೇಲಿನಿಂದ 5ನೇ ಮನೆಯಲ್ಲಿ ಒಂದು ಚುಕ್ಕೆ. ಆ ಚುಕ್ಕೆಗೆ ಥಟ್ಟನೆ ಕಾರಣ ಹೇಳಲು ನನ್ನಿಂದ ಆಗಲಿಲ್ಲ. 3 ಮತ್ತು 4ನೇ ಮನೆಗಳು ಕಪ್ಪಾಗಿದ್ದವು, ಅದೇ 2 ಎಂದು ಮುಚ್ಚಿಬಿಟ್ಟಿದ್ದೆ. ಅದು 2 ಆಗಿರಲೇಬೇಕು ಎನ್ನಲು ಆ ಹೊತ್ತಿಗೆ ಕೈಯಲ್ಲಿದ್ದ ಆಧಾರವನ್ನು ಹುಡುಕಿದೆ, ಇತ್ತು: 3ನೇ ಮನೆ ಮೊದಲ ತುಂಡಿನದೇ ಆಗಬೇಕು, ಏಕೆಂದರೆ 6 ಅಷ್ಟು ಮೇಲೆ ಬರಲು ಅದರ ಮೇಲೆ 2ಕ್ಕೆ ಜಾಗವಿಲ್ಲ. ಅಂದರೆ ಚುಕ್ಕೆ ಸರಿ! ತಪ್ಪು ಇನ್ನೂ ಹಿಂದಿತ್ತು: 3ನೇ ಮನೆಯ ಅಡ್ಡಗೆರೆಯಲ್ಲಿ. ಆ ಅಡ್ಡಸಾಲಿಗೆ ಹೋದರೆ ಮೇಲೆ ಹೇಳಿದ 3 3ರ ಕಪಟವೇ. ಒಂದು ತುಂಡನ್ನು ಇನ್ನೊಂದರ ಜಾಗದಲ್ಲಿ ಕಂಡು ಬಳಿದಿದ್ದೆ. 17ನೇ ಸಾಲಿನ ಬೆಂಕಿಯ ಕಿಡಿ ಬಿದ್ದದ್ದು 3ನೇ ಸಾಲಿನಲ್ಲಿ.

ಕಾರಣ ಹೇಳಲಾಗದ ಮನೆ ಸಿಕ್ಕಲ್ಲಿಗೆ ಹುಡುಕಾಟ ಮುಗಿಯಿತು. ಕಾರಣ ಸಿಕ್ಕರೆ ಆ ಕಾರಣದ ಕಾರಣಕ್ಕೆ ಹೋಗಬೇಕು. ಗೆರೆಗಳ ಗುರುತು ಇಲ್ಲದಿದ್ದರೆ ಇನ್ನೊಂದು ದಾರಿ: ಹೊಸ ಹಾಳೆಯಲ್ಲಿ ಅದೇ ಒಗಟನ್ನು ಬಿಡಿಸುತ್ತಾ ಬನ್ನಿ, ಪ್ರತಿ ಮನೆಯನ್ನು ಹಳೆಯದಕ್ಕೆ ಹೋಲಿಸಿ. ಎರಡೂ ಬೇರೆಯಾಗುವ ಮೊದಲ ಮನೆ ಹಳೆಯ ತಪ್ಪಿನ ಬೇರು, ಅಥವಾ ಅದರ ಪಕ್ಕದ ರೆಂಬೆ. ಮೊಬೈಲಿನ "ಪರೀಕ್ಷಿಸು" ಗುಂಡಿ ಇದನ್ನೆಲ್ಲ ಒಂದು ಕ್ಷಣದಲ್ಲಿ ಮಾಡುತ್ತದೆ, ನಿಜ. ಆದರೆ ಅದು ಸುಳ್ಳು ಮನೆಯನ್ನು ತೋರಿಸುತ್ತದೆಯೇ ಹೊರತು ನೀವು ಅದನ್ನು ಏಕೆ ಬಳಿದಿರೆಂದು ಹೇಳುವುದಿಲ್ಲ.

ಊಹೆ ಮಾಡಿದ್ದರೆ

ಊಹೆ ಪಾಪವಲ್ಲ. ಗುರುತು ಮಾಡದ ಊಹೆ ಪಾಪ. ಊಹಿಸಿದ ಮೊದಲ ಮನೆಗೆ ಸುತ್ತು ಹಾಕಿ, ಅದರಿಂದ ಹುಟ್ಟಿದ್ದನ್ನೆಲ್ಲ ಬೇರೆ ಬಣ್ಣದ ಪೆನ್ಸಿಲ್‌ನಲ್ಲಿ ಬರೆಯಿರಿ. ಘರ್ಷಣೆ ಬಂದರೆ ಆ ಬಣ್ಣವನ್ನಷ್ಟೇ ಅಳಿಸಿ, ಸುತ್ತು ಹಾಕಿದ ಮನೆಗೆ ತದ್ವಿರುದ್ಧವಾದದ್ದನ್ನು ಬರೆಯಿರಿ. ಕಪ್ಪೆಂದು ಊಹಿಸಿದರೂ ಘರ್ಷಣೆ, ಬಿಳಿಯೆಂದು ಊಹಿಸಿದರೂ ಘರ್ಷಣೆ ಎಂದಾದರೆ ಆ ಮನೆಯನ್ನು ಬಿಟ್ಟುಬಿಡಿ. ದೋಷ ಊಹೆಯಲ್ಲಿಲ್ಲ, ಊಹೆಗೂ ಮುಂಚೆ ಬರೆದದ್ದರಲ್ಲಿದೆ. ಇದಕ್ಕಿಂತ ಸ್ಪಷ್ಟವಾದ ರೋಗಲಕ್ಷಣ ಈ ಒಗಟುಗಳಲ್ಲಿ ಬೇರೆ ಇಲ್ಲ. ಎರಡು ಊಹೆಗಳಿಂದಲೂ ದೂರದ ಒಂದು ಮನೆ ಕಪ್ಪೇ ಆಗುವುದಾದರೆ, ಯಾವ ಊಹೆ ಸರಿಯೆಂದು ತಿಳಿಯದಿದ್ದರೂ ಆ ಮನೆಯನ್ನು ಧೈರ್ಯವಾಗಿ ಬಳಿಯಬಹುದು.

ಇನ್ನು ಕೆಲವೊಮ್ಮೆ ಎರಡು ಊಹೆಗಳೂ ಘರ್ಷಣೆಯಿಲ್ಲದೆ ಕೊನೆಮುಟ್ಟುತ್ತವೆ. ನೊನೊಗ್ರಾಮ್‌ನಲ್ಲಿ ಇದು ಹೆಚ್ಚಿನ ಸಲ ನಾಲ್ಕು ಮನೆಗಳಾಗಿ ಕಾಣಿಸಿಕೊಳ್ಳುತ್ತದೆ: ಎರಡು ಅಡ್ಡಸಾಲು ಎರಡು ಕಂಬಸಾಲುಗಳು ಕೂಡುವಲ್ಲಿ ಎದುರುಬದುರು ಮೂಲೆಯ ಎರಡು ಕಪ್ಪು, ಎರಡು ಬಿಳಿ, ಅದಲುಬದಲು ಮಾಡಿದರೂ ಎಲ್ಲ ಸುಳಿವುಗಳೂ ಹೊಂದುತ್ತವೆ. ನಿಮ್ಮ ತಪ್ಪನ್ನು ಹುಡುಕಲು ಹೋಗಬೇಡಿ. ಎರಡೂ ಜೋಡಣೆಗಳನ್ನು ಸುಳಿವಿನ ಜೊತೆ ಸಾಲುಸಾಲಾಗಿ ಒಮ್ಮೆ ತಾಳೆ ನೋಡಿ. ಹೊಂದಿದರೆ ಒಗಟಿಗೇ ಎರಡು ಉತ್ತರಗಳಿವೆ, ತಪ್ಪು ಒಗಟು ಹೆಣೆದವರದು.